ಮಧ್ಯಾಹ್ನ ಒಂದರ ಕೀಲಿ

ಅಂಜುಮ ಕೀಬೋರ್ಡನ್ನು ಕೌಂಟರಿಗೆ ಕುಕ್ಕಿದ ಸದ್ದಿಗೆ ಸೊಲ್ಲಾಪುರ ರಸ್ತೆಯ ಲಾರಿಗಳೆಲ್ಲ ನಿಂತವು. ಗೋಳಗುಮ್ಮಟ ಎರಡು ಬೆರಳು ಸರಿಯಿತೆಂದು ಕಂಡವರು ಇಂದಿಗೂ ಆಣೆ ಮಾಡುತ್ತಾರೆ.

“ನಮ್ಮ ಅಬ್ಬಾನ್ನ ಎಲ್ಲಿ ಕಳಸೀರಿ?”

ರಿಪೇರಿ ಅಂಗಡಿಯ ಫೈಜಲ ತಬ್ಬಿಬ್ಬಾದ. “ನಾ ಅವರ್ನ ನೋಡೇ ಇಲ್ಲಲ್ರಿ...”

“ನೋಡೀರಿ. ಮೂಲಿ ಕೀಲಿ ಒಳಗಿದ್ರು.”

ಅವನ ಮುಖ ಒಣದ್ರಾಕ್ಷಿಯಂತೆ ಸುಕ್ಕಾಯಿತು.

ಅವಳ ತಂದೆ ದಾದಾಸಾಬ ತಿಕೋಟಾದ ಒಣದ್ರಾಕ್ಷಿ ಗೋದಾಮಿನಲ್ಲಿ ಇದ್ದ ಒಂದೇ ಕೈಯಿಂದ ಬಿಲ್ಲು ಬರೆಯುತ್ತಿದ್ದವರು. ಆ ಒಂದು ಕೈ ಹತ್ತು ಗುಮಾಸ್ತರಿಗೆ ಸಮ. ಒಂದು ಕೀಲಿ ಒತ್ತಿದರೆ ಇಡೀ ಸಾಲು ಮೂಡುವ ಕೀಬೋರ್ಡ್ ಅವರದು. ಮೂಲೆಯ ಕೀಲಿ ಮಾತ್ರ ಮಗಳಿಗೆ ಮೀಸಲು. ಮಧ್ಯಾಹ್ನ ಒಂದಕ್ಕೆ ಅದನ್ನೊತ್ತಿ, ವಿಜಯಪುರದ ಡಿಟಿಪಿ ಅಂಗಡಿಯಲ್ಲಿದ್ದ ಅವಳಿಗೆ ಸಂದೇಶ ಕಳಿಸುತ್ತಿದ್ದರು: ‘ಉಂಡ್ಯಾ ಅಂಜು?’

ಅವರು ತೀರಿಕೊಂಡು ಐದು ತಿಂಗಳು. ಕೀಬೋರ್ಡ್ ಅವಳ ಮೇಜಿಗೆ ಬಂದಂದಿನಿಂದ, ಯಾರೂ ಮುಟ್ಟದಿದ್ದರೂ, ದಿನಾ ಒಂದಕ್ಕೆ ಆ ಸಾಲು ಪರದೆಯ ಮೇಲೆ ತಾನೇ ಮೂಡುತ್ತಿತ್ತು.

ಮೊದಲ ದಿನ ಅವಳ ರಕ್ತ ಹೆಪ್ಪುಗಟ್ಟಿತು. ಆಮೇಲೆ ಅದಿಲ್ಲದೆ ತುತ್ತು ಇಳಿಯದಾಯಿತು.

ಹುಚ್ಚಿ ಅಂದಾರೆಂದು ಯಾರಿಗೂ ಹೇಳಲಿಲ್ಲ. ಹೋದ ವಾರ ಅಕ್ಷರಗಳು ಎರಡೆರಡು ಬೀಳತೊಡಗಿದಾಗ, ಅದಷ್ಟನ್ನೇ ಹೇಳಿ ಫೈಜಲನಿಗೆ ಕೊಟ್ಟಿದ್ದಳು. ಅವನು ಕೆಟ್ಟ ಸ್ವಿಚ್ಚುಗಳನ್ನು ಬದಲಿಸಿದ. ಯಾವ ಕೀಲಿ ಏನು ಬರೆಯಬೇಕೆಂದು ಹೇಳುವ ಫರ್ಮ್‌ವೇರನ್ನೂ ಹೊಸದಾಗಿ ಕಟ್ಟಿದ. ಮೂಲೆಯ ಕೀಲಿ ಮಾತ್ರ ಖಾಲಿ.

“ಅಬ್ಬಾ ತೀರಿದ ಮ್ಯಾಲೂ ದಿನಾ ಒಂದಕ್ಕ ಆ ಸಾಲು ತಾನಾಗೇ ಬರತಿತ್ರಿ. ಐದು ದಿನ ಆತು, ಯಾರೂ ಕೇಳಂಗಿಲ್ಲ... ಎದಕ್ಕ ತಗದ್ರಿ?”

“ನಿಮ್ಮನ್ನ ಇಷ್ಟಪಡಾವ ಯಾರೋ ಬರಸ್ಯಾನಂತ ತಿಳಕೊಂಡೆ. ಸಂಕಟ ಆತ್ರಿ. ಹೊಸದ್ರಾಗ ಹಾಕಲಿಲ್ಲ.”

“ನಿಮಗ್ಯಾಕ ಸಂಕಟ?”

ಫೈಜಲ ತಲೆ ತಗ್ಗಿಸಿದ. “ಮೊದಲ ಸಲ ಬಂದಾಗ, ‘ಜ್ವಾಕಿ ಬಿಚ್ಚರಿ, ಅದಕ್ಕ ನೋವಾದೀತು’ ಅಂದ್ರಿ. ಕೀಬೋರ್ಡಿಗೆ ನೋವಾಗತೈತಿ ಅನ್ನಾಕಿನ್ನ ನಾ ಎಲ್ಲೂ ನೋಡಿರ್ಲಿಲ್ಲ...”

ಇವನೂ ನನ್ನಂಥ ಹುಚ್ಚನೇ... ಅವಳ ಸಿಟ್ಟು ಅಲ್ಲೇ ಕರಗಿತು.

“ಹಳೇ ಫೈಲ್ ಅಳಸಾಕ ಕೈ ಬರ್ಲಿಲ್ರಿ,” ಎನ್ನುತ್ತ ಅವನು ಕೀಬೋರ್ಡನ್ನು ಅಂಗಡಿಯ ಕಂಪ್ಯೂಟರಿಗೆ ಜೋಡಿಸಿ ಆ ಸಾಲನ್ನು ಮತ್ತೆ ತುಂಬಿದ. “ಆದ್ರ ಸ್ವಿಚ್ ಹೊಸಾದು. ಇನ್ನ ಒತ್ತಿದ್ರಷ್ಟ ಬರತೈತಿ. ತಾನಾಗೇ ಬರಂಗಿಲ್ಲ.”

ಅವಳ ಕಣ್ಣೀರಿಗೆ ಭೀಮೆಯ ಮಹಾಪೂರವೂ ನಾಚಬೇಕಿತ್ತು.

ಗೋಡೆಯ ಗಡಿಯಾರ ಒಂದು ತೋರಿಸಿತು. ಉರಿಬಿಸಿಲಲ್ಲೂ ಅಂಗಡಿ ತಣ್ಣಗಾಯಿತು. ಇಬ್ಬರ ಕೈಗಳೂ ದೂರವಿದ್ದವು. ಪರದೆಯ ಮೇಲೆ ಒಂದೊಂದೇ ಅಕ್ಷರ...

ಉಂಡ್ಯಾ ಅಂಜು?

“ಅಲ್ಲಾನ ಆಣಿ, ನಾ ಮುಟ್ಟಿಲ್ರಿ.”

“ಗೊತ್ತೈತಿ.” ಅವಳು ಕಣ್ಣೊರೆಸಿಕೊಂಡಳು. “ನಿಮ್ಮ ಊಟದ ಡಬ್ಬ್ಯಾಗ ಏನೈತಿ?”

“ಜ್ವಾಳದ ರೊಟ್ಟಿ, ಶೇಂಗಾ ಚಟ್ನಿ. ಒಬ್ಬಂವಗ ಆಗೋವಷ್ಟ.”

“ಇಬ್ರಿಗೆ ಸಾಲತೈತಿ. ಉಣ್ಣಾಕತ್ತೇವಂತ ಬರೀರಿ.”

ಅವನು ‘ಉಣ್ಣಾಕತ್ತೇವಿ’ ಎಂದು ಬರೆದು ಅವಳತ್ತ ನೋಡಿದ.

“ಅಬ್ಬಾ ಅಂತ ಬರೀಲೇನ್ರಿ?”

“ಮತ್ತೇನಂತ ಕರೀತೀರಿ?”