ಐದನೇ ತಟ್ಟೆ

“ಇವನಿಗೆ ಎಲ್ಲಾನೂ ಒಂದೇ ತಟ್ಟೆಗೆ ಸುರಿದು ಕೊಟ್ಬಿಡಪ್ಪಾ! ಒಂಬತ್ತು ಸಲ ತಂದ್ರೆ ಲೆಕ್ಕ ತಪ್ಪುತ್ತೆ. ಪಾಪ, ಎಂಟನೇ ಕ್ಲಾಸಿಗೇ ಪುಸ್ತಕಕ್ಕೆ ಕೈ ಮುಗಿದವನು!”

ಬಾವ ಹೇಳಿದ್ದು ಬಡಿಸುವವನಿಗೆ. ಕೇಳಿಸಿದ್ದು ಹಾಲಿಗೆಲ್ಲಾ. ಪಕ್ಕದ ಟೇಬಲ್ಲಿನ ಹೆಂಗಸು ಗ್ಲಾಸನ್ನು ತುಟಿಯಲ್ಲೇ ಇಟ್ಟುಕೊಂಡು ತಿರುಗಿ ನೋಡಿದಳು. ಅಕ್ಕ ಕಿಸಕ್ಕೆಂದಳು. ಅಮ್ಮ ತಲೆ ತಗ್ಗಿಸಿದರು. ಅದೆಲ್ಲ ಹಾಳಾಗಿ ಹೋಗಲಿ. ಅವನ ಪಕ್ಕ ಕೂತಿದ್ದ ಅವಳೂ ನಕ್ಕಳು.

ಅವಳು ನಕ್ಕಿದ್ದೇ ಅವನ ಎದೆಗೆ ನಾಟಿದ್ದು.

ಅವನು ಎಸಿ ಮೆಕ್ಯಾನಿಕ್. ಅವಳು ಹಲ್ಲಿನ ಕ್ಲಿನಿಕ್ಕಿನಲ್ಲಿ ನರ್ಸ್. ನೀರು ಸೋರುತ್ತೆ ಅಂತ ಒಂದು ಸಲ ಕರೆಸಿದಳು. ಸೋರೋದು ನಿಂತ ಮೇಲೂ ಕರೆಸುತ್ತಲೇ ಇದ್ದಳು. ಕೊನೆಗೊಂದು ದಿನ ಅವನೇ, “ಮೇಡಂ, ಇದರಲ್ಲಿ ರಿಪೇರಿ ಮಾಡೋಕೆ ಇನ್ನೇನೂ ಉಳಿದಿಲ್ಲ” ಅಂದ. “ಹಾಗಿದ್ರೆ ಟೀ ಕುಡಿದು ಹೋಗಿ” ಅಂದಳು. ಅಲ್ಲಿಂದ ಶುರು.

ಅವಳು ಅವನಿಗಿಟ್ಟ ಹೆಸರು ಸಾಸಿವೆ. ಕಾಣೋಕೆ ಇಷ್ಟೇ ಇಷ್ಟು, ಬಿಸಿ ತಾಗಿದರೆ ಚಟಪಟ ಸಿಡೀತಾನೆ ಅಂತ. ಸಿಡಿದು ಸಿಡಿದೇ ಅವನು ಎರಡು ಕೆಲಸ ಕಳಕೊಂಡಿದ್ದ.

ಈ ರಜೆಗೆ ಅವನನ್ನೂ ಕರೆಸಿದ್ದು ಅವಳ ಅಮ್ಮ. “ಹುಡುಗ ನಾಲ್ಕು ದಿನ ಜೊತೆಗಿರಲಿ, ನೋಡೋಣ. ಆಮೇಲೆ ಮದುವೆ ಮಾತು.” ಖರ್ಚೆಲ್ಲ ಅವಳ ಅಕ್ಕನ ಗಂಡ ಬಾವನದು, ಹಾಗಾಗಿ ಬಾಯಿಯೂ ಬಾವನದೇ. ಹೊರಡುವ ಮುಂಚೆ ಅವಳು ಅವನ ಕಾಲರ್ ಹಿಡಿದು ಬೇಡಿಕೊಂಡಿದ್ದಳು: “ಬಾವ ಏನೇ ಅಂದ್ರೂ ನೀನು ಎದುರು ಮಾತಾಡ್ಬೇಡ. ನನಗೋಸ್ಕರ.”

ಅವಳಿಗೋಸ್ಕರ ನಾಲ್ಕು ದಿನ ನಾಲಿಗೆ ಕಚ್ಚಿಕೊಂಡಿದ್ದ. ದೋಣಿಯಲ್ಲಿ ಬಾವ ಅಂದ, ಇವನು ನುಂಗಿದ. ಲಿಫ್ಟಿನಲ್ಲಿ ಅಂದ, ನುಂಗಿದ. ಇವತ್ತು ಈ ದೊಡ್ಡ ಹೋಟೆಲ್. ಇಲ್ಲಿ ನೀವು ಕೇಳಿದ್ದು ಕೊಡಲ್ಲ, ಅವರು ಕೊಟ್ಟಿದ್ದು ತಿನ್ನಬೇಕು. ಒಂಬತ್ತು ಸಲ ತಟ್ಟೆ ಬರುತ್ತೆ, ಚಕ್ರದಷ್ಟಗಲ, ನಡುವೆ ಹೆಬ್ಬೆರಳಷ್ಟು ತಿಂಡಿ, ಅದರ ಮೇಲೊಂದು ಹೂವಿನ ಎಸಳು. ನಾಲ್ಕನೆಯದನ್ನು ಅವನು ಒಂದೇ ತುತ್ತಿಗೆ ಮುಗಿಸಿ, “ಮುಂದಿನದು ಯಾವಾಗ?” ಅಂತ ಕೇಳಿದ್ದ. ಅಷ್ಟಕ್ಕೇ ಬಾವನ ಆ ಮಾತು.

ಅವನು ಎದ್ದ. ಮಡಿಲಲ್ಲಿದ್ದ ಬಟ್ಟೆ ನೆಲಕ್ಕೆ ಬಿತ್ತು. ಎತ್ತಲಿಲ್ಲ. ಪಕ್ಕದ ಬಾಗಿಲು ತಳ್ಳಿ ಹೊರಗೆ ನಡೆದುಬಿಟ್ಟ.

ಕಟ್ಟಡದ ಹಿಂದೆ ಎಸಿಯ ಪೆಟ್ಟಿಗೆಗಳು ಸಾಲಾಗಿ ನಿಂತು ಗುಂಯ್‌ಗುಡುತ್ತಿದ್ದವು. ಆ ಸದ್ದು ಕಿವಿಗೆ ಬಿದ್ದಾಗ ಮಾತ್ರ ಅವನಿಗೆ ಉಸಿರು ಬಂತು. ಎದುರಿಗೆ ಸರೋವರ, ನೀರಿನ ಮೇಲೆ ಸಂಜೆಯ ಕೆಂಪು ಇನ್ನೂ ಆರಿರಲಿಲ್ಲ. ಬ್ಯಾಗು ತಗೊಂಡು ರಾತ್ರಿ ಬಸ್ಸು ಹತ್ತಿಬಿಡೋದು ಅಂತ ಮನಸ್ಸು ಮಾಡಿದ. ಬಾವ ನಕ್ಕರೆ ಬಾವನ ಹಲ್ಲು. ಇವಳೇ ನಕ್ಕರೆ ಇನ್ನೇನು ಬಾಳು?

“ಏ ಸಾಸಿವೆ.”

ಅವನು ತಿರುಗಲಿಲ್ಲ.

“ನನ್ನ ಮುಖಾನಾದ್ರೂ ನೋಡೋ.”

“ನಕ್ಕೆ ನೀನು.”

“ನಕ್ಕೆ.” ಅವಳು ಎದುರಿಗೆ ಬಂದು ನಿಂತಳು. “ಸುಳ್ಳು ಹೇಳಲ್ಲ. ಬಾವ ಜೋಕ್ ಮಾಡಿದಾಗ ನಗದಿದ್ರೆ ಮನೇಲಿ ಮೂರು ದಿನ ಮುಖ ಊದಿರುತ್ತೆ. ಅಕ್ಕನ ಮದುವೆ ಆದಾಗಿನಿಂದ ಅಭ್ಯಾಸ ಆಗಿಹೋಗಿದೆ. ಬಾಯಿ ನಕ್ಕುಬಿಡ್ತು. ಆಮೇಲೆ ನಿನ್ನ ಕಣ್ಣು ನೋಡಿದೆ. ತಿಂದಿದ್ದೆಲ್ಲಾ ಗಂಟಲಿಗೆ ಬಂತು.”

“ತಿಂದಿದ್ದೇ ಅಷ್ಟು. ಗಂಟಲಿಗೆ ಬರೋಕೆ ಏನಿತ್ತು?”

ಅವಳ ತುಟಿ ಅಲುಗಿತು. ನಗು ಬಂತು, ಈಗ ನಗಬಾರದು ಅಂತ ಕೆಳತುಟಿ ಕಚ್ಚಿ ಹಿಡಿದಳು. ಆದರೆ ಕಣ್ಣಿಗೆ ಕಚ್ಚೋಕೆ ಹಲ್ಲಿಲ್ಲವಲ್ಲ, ಅವು ನಕ್ಕೇಬಿಟ್ಟವು. ಕಿವಿಯೋಲೆ ತೂಗಿ ಕೆನ್ನೆಗೊಂದು ಪುಟ್ಟ ಬೆಳಕು ಹಾಕಿತು. ಅವನು ಬೇಗ ಸರೋವರದ ಕಡೆ ತಿರುಗಿದ. ಇನ್ನೊಂದು ಗಳಿಗೆ ನೋಡಿದರೆ ಸಿಟ್ಟು ಕರಗಿಹೋಗುತ್ತೆ ಅಂತ ಅವನಿಗೆ ಗೊತ್ತು.

ಬಾಗಿಲು ತೆರೆಯಿತು. ಬಡಿಸುವವನು ಬಂದು ಕೈಕಟ್ಟಿ ನಿಂತ. “ಸರ್, ತೊಂದರೆ ಕೊಡ್ತಿದೀನಿ. ಟೇಬಲ್ಲಲ್ಲಿ ಒಂದು ಕುರ್ಚಿ ಖಾಲಿ ಇದ್ರೂ ನಮ್ಮ ಅಡುಗೆಮನೆಯಿಂದ ತಟ್ಟೆ ಹೊರಡಲ್ಲ. ಎಲ್ಲರಿಗೂ ಒಟ್ಟಿಗೇ ಇಡಬೇಕು, ಅದೇ ಇಲ್ಲಿನ ನಿಯಮ. ನೀವು ಬರೋವರೆಗೂ ಐದನೆಯದು ನಿಂತಿದೆ.”

“ಅಂದ್ರೆ ನಾನು ಬರದಿದ್ರೆ ಅವರಿಗೂ ಇಲ್ವಾ?”

“ಇಲ್ಲ ಸರ್.”

ಅವಳು ಬಾಗಿಲ ಗಾಜಿನಿಂದ ಒಳಗೆ ಇಣುಕಿದಳು. “ಅಯ್ಯೋ, ನೋಡೋ! ಬಾವ ಚಮಚ ಹಿಡಕೊಂಡು ಕೂತಿದ್ದಾರೆ, ಬಸ್ಸಿಗೆ ಕಾದವರ ಹಾಗೆ.”

ಅವನಿಗೆ ಹೊಟ್ಟೆ ತಣ್ಣಗಾಯಿತು. ಇಡೀ ಹೋಟೆಲ್ಲು ಎಂಟನೇ ಕ್ಲಾಸಿನವನಿಗಾಗಿ ಕಾದಿದೆ. ರಾತ್ರಿಯೆಲ್ಲಾ ಕಾಯ್ತಿರು ಮಗನೇ, ಅಂದುಕೊಂಡ. ಅಷ್ಟರಲ್ಲಿ ಬಾವನ ಪಕ್ಕದಲ್ಲಿ ಅಮ್ಮ ಕಂಡರು. ಮುಟ್ಟದ ಬ್ರೆಡ್ಡಿನ ಆಚೀಚೆ ಎರಡೂ ಕೈ ಇಟ್ಟುಕೊಂಡು, ಬಾಗಿಲ ಕಡೆಗೇ ಕಣ್ಣು ನೆಟ್ಟಿದ್ದರು.

“ಅಮ್ಮ ಶುಗರ್ ಮಾತ್ರೆ ತಗೊಂಡ್ರಾ?”

“ಬಂದು ಕೂತಾಗಲೇ.”

“ಥೂ! ಅದನ್ನ ಮೊದಲು ಹೇಳೋದಲ್ವಾ? ಹಸಿದಿರಬಾರದು ಅವರು. ನಡಿ.”

ಅವಳು ನಡೆಯಲಿಲ್ಲ. ಅವನನ್ನೇ ನೋಡುತ್ತಾ ನಿಂತಳು, ಕಣ್ಣಲ್ಲಿ ನೀರು ತುಂಬಿಕೊಂಡು. “ಕ್ಲಿನಿಕ್ಕಲ್ಲಿ ಆ ಎಸಿ ಕೆಟ್ಟೇ ಇರ್ಲಿಲ್ಲ ಕಣೋ, ಎರಡನೇ ಸಲದಿಂದ.”

“ನಂಗೊತ್ತಿತ್ತು ಕಣೇ. ಮೆಕ್ಯಾನಿಕ್ ನಾನು.”

“ಗೊತ್ತಿದ್ದೂ ಬರ್ತಿದ್ಯಾ?”

“ಬರದೆ ಇರೋಕೆ ಆಗಬೇಕಲ್ಲ.”

ಒಳಗೆ ಹೋದರು. ನೆಲಕ್ಕೆ ಬಿದ್ದ ಬಟ್ಟೆ ಎಲ್ಲೂ ಇರಲಿಲ್ಲ. ಅವನ ಜಾಗದಲ್ಲಿ ಹೊಸದೊಂದನ್ನು ಯಾರೋ ನೀಟಾಗಿ ಮಡಿಸಿ ಇಟ್ಟಿದ್ದರು. ಹುಟ್ಟಿದಾಗಿನಿಂದ ಅವನು ಸಿಟ್ಟಿನಲ್ಲಿ ಎದ್ದು ಹೋದ ಜಾಗವೆಲ್ಲ ಬೇರೆಯವರ ಪಾಲಾಗಿತ್ತು. ಇದೊಂದು ಅವನಿಗಾಗಿ ಉಳಿದಿತ್ತು.

ಅವನು ಕೂತ. ಅವಳು ಕೂರಲಿಲ್ಲ.

“ಬಾವ, ಆಗ ನೀವಂದಿದ್ದಕ್ಕೆ ನಾನು ನಕ್ಕಿದ್ದು ತಪ್ಪಾಯ್ತು. ನಾನು ಮದುವೆ ಆಗೋದು ಇವನನ್ನೇ. ಇನ್ಮೇಲೆ ಇವನಿಗೆ ಅಂದ್ರೆ ನನಗೂ ಅಂದ ಹಾಗೆ.” ಪಕ್ಕದ ಟೇಬಲ್ಲಿನ ಹೆಂಗಸು ಮತ್ತೆ ತಿರುಗಿದಳು.

“ನಾನೇನೋ ತಮಾಷೆಗೆ...” ಅಂದ ಬಾವ.

“ಕೂತ್ಕೊಳೇ, ನೀನು ಕೂತ್ರೆ ತಾನೇ ತಟ್ಟೆ ಬರೋದು!” ಅಂದರು ಅಮ್ಮ. ಆಮೇಲೆ ತಮ್ಮ ಪಾಲಿನ ಬ್ರೆಡ್ಡನ್ನು ಅವನ ಕಡೆ ಸರಿಸಿದರು. “ನೀನು ತಿನ್ನಪ್ಪಾ. ದುಡಿಯೋ ಮೈ.”

“ಮೊದಲು ನೀವು ತಿನ್ನಿ ಅಮ್ಮಾ,” ಅಂತ ಅವನು ಅರ್ಧ ಮುರಿದು ಅವರ ಕೈಗಿಟ್ಟ.

ಐದನೇ ತಟ್ಟೆ ಬಂತು. ಅದರಲ್ಲಿ ಏನಿತ್ತೋ ದೇವರಾಣೆ ಅವನಿಗೆ ತಿಳಿಯಲಿಲ್ಲ. ಎಡಗೈ ಮೇಜಿನ ಕೆಳಗೆ ಅವಳ ಕೈಯೊಳಗಿತ್ತು. ಅವಳು ಏನೂ ಗೊತ್ತಿಲ್ಲದವಳ ಹಾಗೆ ಅಕ್ಕನ ಜೊತೆ ಹರಟುತ್ತಾ, ಹೆಬ್ಬೆರಳಿನಿಂದ ಅವನ ಅಂಗೈಯ ಹಳೇ ಗಾಯದ ಗುರುತನ್ನು ಸವರುತ್ತಿದ್ದಳು. ಆರು, ಏಳು, ಎಂಟು ಹಾಗೇ ಬಂದು ಹೋದವು.

ಒಂಬತ್ತನೆಯದು ಒಂದೊಂದು ಪುಟ್ಟ ಚಾಕೊಲೇಟ್. ಎಲ್ಲರೂ ಎದ್ದರು. ಬಾವನಿಗೆ ಹೊಟ್ಟೆ ತುಂಬಿತ್ತು, ತುಂಬಿದ ಮೇಲೆ ಹಳೇ ಚಾಳಿ ಬಿಡುತ್ತಾ? ಅಷ್ಟೂ ಜನರ ನಡುವೆ ಗಟ್ಟಿಯಾಗಿ ಕೇಳಿದ:

“ಏನಯ್ಯಾ, ಒಂಬತ್ತು ಐಟಂ ತಿಂದೆ. ಒಂದರ ಹೆಸರಾದ್ರೂ ನೆನಪಿದ್ಯಾ?”

ಅವನು ಬಾಯಿ ತೆರೆದ. ಉತ್ತರ ನಾಲಿಗೆ ತುದಿಯಲ್ಲೇ ಇತ್ತು, ಚೆನ್ನಾಗಿ ಕಾದಿತ್ತು. ಅಷ್ಟರಲ್ಲಿ ಅವಳು ತಿನ್ನದೆ ಇಟ್ಟುಕೊಂಡಿದ್ದ ತನ್ನ ಪಾಲಿನ ಚಾಕೊಲೇಟನ್ನು ಆ ಬಾಯಿಗೆ ಇಟ್ಟುಬಿಟ್ಟಳು. ಎಲ್ಲರೆದುರಿಗೇ. ಬೆರಳು ಅವನ ತುಟಿಯ ಮೇಲೆ ಒಂದು ಕ್ಷಣ ಜಾಸ್ತಿಯೇ ನಿಂತಿತು.

ಸಿಹಿ ಮೆಲ್ಲಗೆ ಕರಗತೊಡಗಿತು. ಅವನು ಬಾವನನ್ನು ನೋಡಿದ, ಅವಳನ್ನು ನೋಡಿದ. ಬಾಯಿ ಮುಚ್ಚಿಕೊಂಡ.

ಒಂದು ಕೈಯಲ್ಲಿ ಅಮ್ಮನ ತೋಳು ಹಿಡಿದು, ಇನ್ನೊಂದನ್ನು ಅವಳಿಗೆ ಕೊಟ್ಟು, ಬಾಗಿಲ ಕಡೆ ನಡೆದುಹೋದ.