ಊದುಬತ್ತಿ ವಾಸನೆಯಿಲ್ಲದ ಲೆನ್ಸ್

ಜೂನ್ 24, ಮಂಗಳವಾರ ಬೆಳಿಗ್ಗೆ ಜಪಾನಿನ ಸುವಾ ಸರೋವರದ ದಂಡೆಯ ಪೊಲೀಸ್ ಠಾಣೆಗೆ ಬಂದ ದೂರು ವಾಸನೆಯ ಬಗ್ಗೆ. ಮಳೆಗಾಲ ಹಿಡಿದು ಎರಡು ವಾರವಾಗಿತ್ತು, ಠಾಣೆಯ ಫೈಲುಗಳೇ ಮುಗ್ಗಲು ನಾರುತ್ತಿದ್ದವು. ಹಿಂದಿನ ಬೀದಿಯಲ್ಲಿ ಸೋಯಾ ಕಾಳಿಗೆ ಬೂಷ್ಟು ಹಿಡಿಸಿ ಹುದುಗಿಸುವ ಮಿಸೋ ಕಾರ್ಖಾನೆಯ ವಾಸನೆ ಸಹಿಸಲಾಗದೆ ಯಾರೋ ಬಂದಿರಬೇಕು ಎಂದುಕೊಂಡ ಕಾನ್‌ಸ್ಟೇಬಲ್ ಯಾಜಾಕಿ, ಎದುರಿಗೆ ನಿಂತ ಮುದುಕಿಗೆ ಪುರಸಭೆಯ ದಾರಿ ತೋರಿಸಲು ಹೊರಟಿದ್ದಳು.

ಮುದುಕಿ ಕದಲಲಿಲ್ಲ. ಬಟ್ಟೆಯ ಗಂಟು ಬಿಚ್ಚಿ ಹಳೆಯ ರೀಲ್ ಕ್ಯಾಮೆರಾವೊಂದನ್ನು ಮೇಜಿನ ಮೇಲಿಟ್ಟಳು.

"ನನ್ನ ಹೆಸರು ಮಿಯಾಸಾಕಾ ಫುಮಿ. ಇದು ನನ್ನ ಗಂಡನ ಕ್ಯಾಮೆರಾ. ಆದ್ರೆ ಮುಂದಿರೋ ಲೆನ್ಸ್ ಅವರದ್ದಲ್ಲ. ಯಾರೋ ಬದಲಾಯಿಸಿದ್ದಾರೆ."

"ಹೇಗೆ ಗೊತ್ತಾಯ್ತು ಅಜ್ಜಿ? ನಂಬರ್ ಬರೆದಿಟ್ಟಿದ್ರಾ?"

"ಇಲ್ಲಮ್ಮ. ಮೂಸಿ ನೋಡು."

ಇನ್‌ಸ್ಪೆಕ್ಟರ್ ಕೊಗುಚಿ ಅಷ್ಟರಲ್ಲಿ ಅಲ್ಲಿಗೆ ಬಂದಿದ್ದರು. ಐವತ್ತೆರಡರ ಮನುಷ್ಯ, ಹೊಟ್ಟೆ ಸೂಕ್ಷ್ಮ, ಬಾಯಿ ಒರಟು. ಅವರು ಲೆನ್ಸನ್ನು ಬೆಳಕಿಗೆ ಹಿಡಿದರು. ಗಾಜಿನ ಒಳಗೆ ಬಿಳಿಯ ಎಳೆಗಳು ಬೇರು ಬಿಟ್ಟು ಅಂಚಿನಿಂದ ನಡುವಿನವರೆಗೆ ಹರಡಿದ್ದವು. ಮೂಗಿನ ಹತ್ತಿರ ತಂದರೆ ತೊಯ್ದ ಚಪ್ಪಲಿಯ ನಾತ. ಥೂ ಎಂದು ದೂರ ಹಿಡಿದರು. ಆಮೇಲೆ ಕ್ಯಾಮೆರಾದ ಬೆನ್ನನ್ನು ಮೂಸಿದರು. ಅದು ಗಂಧದ ಕಡ್ಡಿಯ ವಾಸನೆ, ಗಾಢವಾಗಿ, ವರ್ಷಗಟ್ಟಲೆ ಕುಡಿದುಕೊಂಡದ್ದು.

"ಹನ್ನೆರಡು ವರ್ಷದಿಂದ ಹಿರಿಯರ ಗೂಡಿನಲ್ಲಿ ಅವರ ಫೋಟೋ ಪಕ್ಕದಲ್ಲೇ ಇದೆ," ಎಂದಳು ಫುಮಿ. "ಬೆಳಿಗ್ಗೆ ಒಂದು ಕಡ್ಡಿ, ಸಂಜೆ ಒಂದು ಕಡ್ಡಿ. ಹೊಗೆ ಬೆನ್ನಿಗೆ ಹತ್ತಿ ಮೂತಿಗೆ ಹತ್ತದೆ ಇರುತ್ತಾ, ನೀವೇ ಹೇಳಿ?"

"ಯಾರು ಮುಟ್ಟಿದ್ರು?"

"ತಾಕೇಯಿಯವರು ಒಬ್ಬರೇ. ಕ್ಯಾಮೆರಾ ಸಂಘದವರು. ತಿಂಗಳಿಗೊಮ್ಮೆ ಬಂದು ಒರೆಸಿ ಕೊಡ್ತಾರೆ. ದುಡ್ಡು ತಗೊಳಲ್ಲ. ಹೋದ ತಿಂಗಳು ಮನೆಗೆ ತಗೊಂಡು ಹೋಗಿ ತಂದುಕೊಟ್ಟರು. 'ಒಳಗೆ ಬೂಷ್ಟು ಹಿಡಿದಿದೆ, ಇನ್ನು ಉಳಿಯಲ್ಲ, ದೇವಸ್ಥಾನದಲ್ಲಿ ಹಳೇ ಕ್ಯಾಮೆರಾಗಳಿಗೆ ಶಾಂತಿ ಮಾಡಿಸ್ತಾರಲ್ಲ, ಅಲ್ಲಿಗೆ ಒಪ್ಪಿಸ್ತೀನಿ ಕೊಡಿ' ಅಂದ್ರು. ನಾನು ಕೊಡಲಿಲ್ಲ."

"ಯಾಕೆ ಕೊಡಲಿಲ್ಲ?"

ಫುಮಿ ಕ್ಯಾಮೆರಾವನ್ನು ತನ್ನ ಕಡೆಗೆ ಎಳೆದುಕೊಂಡಳು. "ಬರೋ ಭಾನುವಾರ ನಮ್ಮವರ ಹದಿಮೂರನೇ ವರ್ಷದ ಶ್ರಾದ್ಧ. ಅವರು ಬದುಕಿದ್ದಾಗ ಎಲ್ಲರ ಫೋಟೋ ಅವರೇ ತೆಗೀತಿದ್ದರು, ಮನೆಯವರೆಲ್ಲ ಸೇರಿ ನಿಂತ ಒಂದರಲ್ಲೂ ಅವರಿಲ್ಲ. ಅದಕ್ಕೇ ಮೊದಲನೇ, ಮೂರನೇ, ಏಳನೇ ವರ್ಷ ಹೀಗೆ ಬರೋ ಪ್ರತಿ ಶ್ರಾದ್ಧಕ್ಕೂ ಅವರು ನಿಲ್ತಿದ್ದ ಜಾಗದಲ್ಲಿ ಈ ಕ್ಯಾಮೆರಾ ನಿಲ್ಲಿಸಿ, ಟೈಮರ್ ಇಟ್ಟು, ಎಲ್ಲರೂ ಎದುರಿಗೆ ನಿಲ್ತೀವಿ. ನಾವು ಕ್ಯಾಮೆರಾ ನೋಡೋದಲ್ಲ ಸಾರ್, ಅವರನ್ನ ನೋಡೋದು. ಯಾರದೋ ಕಣ್ಣು ಹಾಕಿಟ್ಟು ಹೇಗೆ ನೋಡಲಿ?"

ಕೊಗುಚಿ ದೂರು ದಾಖಲಿಸಿಕೊಳ್ಳಲು ಹೇಳಿದರು.

ಮೇಲಧಿಕಾರಿ ನಕ್ಕರು. "ವಾಸನೆ ಮೇಲೆ ಶೋಧನಾ ವಾರಂಟ್ ಕೇಳ್ತೀಯೇನಯ್ಯಾ? ನಾಯಿ ದಳಕ್ಕೆ ವರ್ಗ ಮಾಡ್ಲಾ ನಿನ್ನ? ಮೊಸರಲ್ಲಿ ಕಲ್ಲು ಹುಡುಕಬೇಡ."

"ಪ್ರಯೋಗಾಲಯಕ್ಕೆ ಕಳಿಸ್ತೀನಿ. ಅಷ್ಟಕ್ಕಾದ್ರೂ ಸಹಿ ಹಾಕಿ."

ಸಹಿಯಾಯಿತು. ಆ ಮಧ್ಯಾಹ್ನವೇ ಕೊಗುಚಿ ಮತ್ತು ಯಾಜಾಕಿ ತಾಕೇಯಿ ಯೋಶಿಜುಮಿಯ ಮನೆಗೆ ಹೋದರು. ಅರವತ್ತೆಂಟು ವರ್ಷ, ಇಸ್ತ್ರಿ ಮಾಡಿದ ಅಂಗಿ, ಬೆಳ್ಳಗೆ ತೊಳೆದ ಕೈ. ಸಂಘದಲ್ಲಿ ಇವನನ್ನು 'ಕ್ಯಾಮೆರಾ ಡಾಕ್ಟರು' ಎನ್ನುತ್ತಿದ್ದರು. ಚಹಾ ಬಂತು, ಸೊಪ್ಪಿನ ಉಪ್ಪಿನಕಾಯಿ ಬಂತು, ಕೇಳದೆಯೇ ಉಪದೇಶವೂ ಬಂತು.

"ಲೆನ್ಸ್ ಮೇಲೆ ಬಾಯಿಂದ ಊದಬಾರದು ನೋಡಿ, ಎಂಜಲಲ್ಲಿ ಆಮ್ಲ ಇರುತ್ತೆ. ರಬ್ಬರ್ ಬುರುಡೆಯಿಂದ ಗಾಳಿ ಹಾಯಿಸಬೇಕು. ಚರ್ಮದ ಚೀಲದಲ್ಲಿ ಇಡಲೇಬಾರದು, ಬೂಷ್ಟಿಗೆ ಅದೇ ತೌರುಮನೆ. ಒಂದನೇ ತಾರೀಖು ತಪ್ಪದೆ ಶಟರ್ ಒತ್ತಬೇಕು, ಇಲ್ಲಾಂದ್ರೆ ಒಳಗಿನ ಎಣ್ಣೆ ಗಟ್ಟಿಯಾಗುತ್ತೆ."

"ಮಿಯಾಸಾಕಾ ಅವರ ಲೆನ್ಸಿಗೆ ಬೂಷ್ಟು ಯಾವಾಗ ಬಂತು?"

"ಪಾಪ, ಮೇ ತಿಂಗಳಲ್ಲಿ ನೋಡಿದೆ. ಬೂಷ್ಟು ಯಾರನ್ನೂ ಕೇಳ್ಕೊಂಡು ಬರಲ್ಲ ಇನ್‌ಸ್ಪೆಕ್ಟರೇ."

"ಏಪ್ರಿಲಲ್ಲಿ?"

"ಚೆನ್ನಾಗಿತ್ತು."

"ಒಂದು ತಿಂಗಳಲ್ಲಿ ನಡುವಿನ ತನಕ ಹರಡಿತೇ?"

ತಾಕೇಯಿ ಚಹಾ ಬಟ್ಟಲನ್ನು ತಿರುಗಿಸಿದ. "ಈ ವರ್ಷ ತೇವ ಜಾಸ್ತಿ."

ಏಳುವಾಗ ಕೊಗುಚಿಯವರ ಕಣ್ಣು ಗೋಡೆಯ ಬದಿಯ ಹಿರಿಯರ ಗೂಡಿನ ಮೇಲೆ ಬಿತ್ತು. ಒಬ್ಬ ಹೆಂಗಸಿನ ಸಣ್ಣ ಫೋಟೋ, ಹಿಗ್ಗಿಸಿ ಹಿಗ್ಗಿಸಿ ಮುಖವೇ ಮಸುಕಾಗಿತ್ತು. ಊದುಬತ್ತಿಯ ಬಟ್ಟಲಲ್ಲಿ ಬೂದಿಯೇ ಇರಲಿಲ್ಲ.

"ನಿಮ್ಮ ಮನೆಯವರಾ?"

"ಹೌದು. ಹೋಗಿ ನಾಲ್ಕು ವರ್ಷ."

"ಊದುಬತ್ತಿ ಹಚ್ಚಲ್ವಾ?"

"ಹೊಗೆ ಗಾಜಿಗೆ ವಿಷ," ಎಂದ ತಾಕೇಯಿ, ಸಹಜವಾಗಿ.

ಹೊರಗೆ ಬಂದ ಮೇಲೆ ಯಾಜಾಕಿ ಕೊಡೆ ಬಿಚ್ಚುತ್ತಾ, "ಸಾರ್, ಈ ಮನುಷ್ಯನ ಉಪ್ಪಿನಕಾಯಿ ನನಗೆ ಗಂಟಲಲ್ಲೇ ಇಳೀಲಿಲ್ಲ," ಎಂದಳು.

"ನಾನು ಮುಟ್ಟಲೇ ಇಲ್ಲ," ಎಂದರು ಕೊಗುಚಿ.

ಬುಧವಾರ ಮತ್ತು ಗುರುವಾರ ಯಾಜಾಕಿ ಊರು ಸುತ್ತಿದಳು. ಸಂಘದಲ್ಲಿ ಯಾರಾದರೂ ತೀರಿಕೊಂಡರೆ ತಾಕೇಯಿ ಮೊದಲು ಹಾಜರಾಗುತ್ತಿದ್ದ. ಹೆಣದ ಮುಂದೆ ಕೈಮುಗಿದು ನಿಂತಾಗಲೇ ಅವನ ಕಣ್ಣು ಕಪಾಟಿನ ಕಡೆಗೆ ಇರುತ್ತಿತ್ತು ಎಂದು ಒಬ್ಬ ಹೆಂಗಸು ಹೇಳಿದಳು. ಆಗ ಅದನ್ನು ದುಃಖ ಎಂದುಕೊಂಡಿದ್ದಳಂತೆ. ಆಮೇಲೆ ತಿಂಗಳಿಗೊಮ್ಮೆ ಪುಕ್ಕಟೆ ಸೇವೆ. ಒಂದು ದಿನ ಲೆನ್ಸ್ ಒಳಗೆ ಬೂಷ್ಟು ತೋರಿಸಿ, ಇದು ಮನೆಯಲ್ಲಿರಬಾರದು, ಉಳಿದ ಸಾಮಾನಿಗೂ ಹಬ್ಬುತ್ತದೆ ಎಂದು ಹೆದರಿಸುವುದು. ಹೆದರಿದವರು ಕ್ಯಾಮೆರಾವನ್ನೇ ಎತ್ತಿ ಅವನ ಕೈಗಿಟ್ಟು, ಮೇಲೆ ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದ್ದರು. ಉರಿಯುವ ಮನೆಯಲ್ಲಿ ಗಳ ಹಿರಿಯುವವರು ಎಲ್ಲ ಊರಲ್ಲೂ ಇರುತ್ತಾರೆ. ಆದರೆ ಗಳ ಹಿರಿದದ್ದಕ್ಕೆ ಮನೆಯವರಿಂದಲೇ ನಮಸ್ಕಾರ ಹೇಳಿಸಿಕೊಂಡವನು ಇವನೊಬ್ಬನೇ.

ದೇವಸ್ಥಾನದ ಅರ್ಚಕರು ತಲೆ ಕೆರೆದುಕೊಂಡರು. "ತಾಕೇಯಿಯವರು ಪ್ರತಿ ವರ್ಷ ಶಾಂತಿ ಪೂಜೆಗೆ ಬರ್ತಾರಮ್ಮ. ಮುಂದಿನ ಸಾಲಲ್ಲೇ ಕೂತ್ಕೊಳ್ತಾರೆ. ಆದ್ರೆ ಇಲ್ಲೀತನಕ ಒಂದು ಕ್ಯಾಮೆರಾನೂ ತಂದು ಒಪ್ಪಿಸಿಲ್ಲ."

ಶುಕ್ರವಾರ ಪ್ರಯೋಗಾಲಯದ ವರದಿ ಬಂತು. ಕ್ಯಾಮೆರಾದ ಮೈಮೇಲೆ, ತಿರುಪುಗಳ ಸಂದಿಯಲ್ಲೂ, ಊದುಬತ್ತಿ ಹೊಗೆಯ ಜಿಡ್ಡು ಪದರ ಕಟ್ಟಿದೆ. ಲೆನ್ಸ್ ಮೇಲೆ, ಅದರ ಉಂಗುರದ ಗೀರುಗಳಲ್ಲೂ, ಲವಲೇಶವಿಲ್ಲ. ಎರಡೂ ಒಂದೇ ಜಾಗದಲ್ಲಿ ಇದ್ದವುಗಳಲ್ಲ. ಅರ್ಚಕರ ಮತ್ತು ಹೆಂಗಸರ ಹೇಳಿಕೆಗಳನ್ನು ಜೊತೆಗಿಟ್ಟು ಕೊಗುಚಿ ನ್ಯಾಯಾಧೀಶರ ಮುಂದೆ ಹೋದರು. ಸಂಜೆಗೆ ವಾರಂಟ್ ಕೈಗೆ ಬಂತು.

ಶನಿವಾರ ಬೆಳಿಗ್ಗೆ ಶೋಧ ಆರಂಭವಾಯಿತು. ತಾಕೇಯಿ ಬಾಗಿಲು ತೆರೆದು, ಚಪ್ಪಲಿ ಸಾಲಾಗಿ ಬಿಡಿ ಎಂದಷ್ಟೇ ಹೇಳಿದ.

ಮೆಟ್ಟಿಲ ಕೆಳಗಿನ ಕೋಣೆಗೆ ಬೀಗವಿತ್ತು. ತೆರೆದಾಗ ಬಂದ ಗಾಳಿಗೆ ಯಾಜಾಕಿ ಎರಡು ಹೆಜ್ಜೆ ಹಿಂದೆ ಸರಿದಳು. ಒಳಗೆ ಪ್ಲಾಸ್ಟಿಕ್ ಡಬ್ಬಗಳ ಸಾಲು. ಒಂದೊಂದರಲ್ಲೂ ನೆನೆಸಿದ ತವಡು, ಕೊಳೆತು ಲೋಳೆಯಾದ ಚರ್ಮದ ಚೀಲಗಳು, ಅವುಗಳ ನಡುವೆ ಅಗ್ಗದ ಹಳೆಯ ಲೆನ್ಸ್‌ಗಳು. ಬೂಷ್ಟು ಹಸಿರು, ಕಪ್ಪು, ಬಿಳಿ ಬಣ್ಣಗಳಲ್ಲಿ ಹತ್ತಿಯಂತೆ ಉಬ್ಬಿ ಡಬ್ಬದ ಮುಚ್ಚಳಕ್ಕೆ ಮುಟ್ಟಿತ್ತು. ಒಂದು ಮುಚ್ಚಳದಡಿ ಏನೋ ಹರಿದಾಡಿತು.

"ಈ ಊರಲ್ಲಿ ಬೂಷ್ಟು ಸಾಕಿ ಮಿಸೋ ಮಾಡಿ ಮಕ್ಕಳಿಗೆ ಉಣ್ಣಿಸ್ತಾರೆ ಕಣಯ್ಯಾ," ಎಂದರು ಕೊಗುಚಿ, ಮೂಗಿಗೆ ಕರವಸ್ತ್ರ ಒತ್ತಿಕೊಂಡು. "ನೀನು ಏನು ಮಾಡ್ತಿದ್ದೀ? ಛೀ!"

"ತಾಪ ಹದವಾಗಿರಬೇಕು," ಎಂದ ತಾಕೇಯಿ. "ಹನ್ನೊಂದು ವಾರ ಬೇಕು."

ಮಾಳಿಗೆಯಲ್ಲಿ ಗಾಜಿನ ಬಾಗಿಲಿನ ದೊಡ್ಡ ವಿದ್ಯುತ್ ಕಪಾಟು ಇತ್ತು, ಒಳಗಿನ ತೇವ ಹೀರುವಂಥದ್ದು. ಅಲ್ಲಿ ಧೂಳಿನ ಕಣವಿರಲಿಲ್ಲ. ಕ್ಯಾಮೆರಾಗಳೂ ಲೆನ್ಸ್‌ಗಳೂ ಹೊಳೆಯುತ್ತಾ ಕೂತಿದ್ದವು. ಯಾಜಾಕಿ ಹಿಡಿ ಎಳೆದಳು, ಬಾಗಿಲು ತೆರೆಯಿತು.

ಊದುಬತ್ತಿಯ ವಾಸನೆ ಕೋಣೆ ತುಂಬಿತು. ಗಂಧ, ಅಗರು, ಲವಂಗ, ಯಾರದೋ ಮನೆಯ ಅಗ್ಗದ ಮಲ್ಲಿಗೆ ಕಡ್ಡಿ, ಎಲ್ಲ ಒಟ್ಟಿಗೆ. ಎಷ್ಟೋ ಮನೆಗಳ ಹೆಂಗಸರು ಎಷ್ಟೋ ವರ್ಷ ಬೆಳಗು ಸಂಜೆ ಹಚ್ಚಿದ್ದು ಆ ಬೀರುವಿನಲ್ಲಿ ಬಂದಿಯಾಗಿತ್ತು. ಯಾಜಾಕಿಯ ಕಣ್ಣಲ್ಲಿ ನೀರು ಬಂತು. ಅವಳು ಅದನ್ನು ಒರೆಸಿಕೊಳ್ಳದೆ ಮಹಜರು ಬರೆಯಲು ಕೂತಳು.

"ಮಿಯಾಸಾಕಾ ಅವರದ್ದು ಯಾವುದು?"

"ಎರಡನೇ ತಟ್ಟೆ, ಎಡದಿಂದ ಐದನೇದು," ಎಂದ ತಾಕೇಯಿ ತಡವರಿಸದೆ. "ಅದರ ಪಕ್ಕದ್ದು ಹಾಮಾದು. ಆಚೆಯದು ಉಶಿಯಾಮಾದು." ಸತ್ತವರ ಹೆಸರುಗಳನ್ನು ಅವನು ಹಾಜರಿ ಕೂಗಿದಂತೆ ಹೇಳುತ್ತಾ ಹೋದ. ಸಾಕು ಬಾಯಿ ಮುಚ್ಚು ಎಂದು ಗದರಿ ಕೊಗುಚಿ ಅವನನ್ನು ಬಂಧಿಸಿದರು.

ಠಾಣೆಯಲ್ಲಿ ವಿಚಾರಣೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಎಷ್ಟು ಮಾರಿದೆ?"

"ಒಂದೂ ಇಲ್ಲ. ಮಾರೋಕೆ ನಾನೇನು ಕಳ್ಳನಾ?"

"ಮತ್ತೆ?"

"ಅವರು ಅವನ್ನ ಹೊಗೆ ಹಾಕಿ ಸಾಯಿಸ್ತಿದ್ರು. ಶಟರ್ ಒತ್ತಲ್ಲ, ಅಪರ್ಚರ್ ತಿರುಗಿಸಲ್ಲ. ಎದುರಿಗೆ ಕಿತ್ತಳೆ ಹಣ್ಣು ಇಟ್ಟು ಅಳ್ತಾರೆ. ನನ್ನ ಹತ್ರ ಒಂದೊಂದೂ ಹೊಸದರ ಹಾಗಿದೆ."

"ಮಿಯಾಸಾಕಾದವರು ಅದರಲ್ಲೇ ಫೋಟೋ ತೆಗೀತಾರೆ."

"ನಾಲ್ಕಾರು ವರ್ಷಕ್ಕೊಂದು! ಅದಕ್ಕೆ ಯಂತ್ರ ಬೇಕಾ?"

"ನೀನು ಎಷ್ಟು ತೆಗೆದಿದ್ದೀ, ಹೇಳು ನೋಡೋಣ?"

ತಾಕೇಯಿ ಮೇಜನ್ನು ನೋಡುತ್ತಾ, "ರೀಲು ಓಡಿದ್ರೆ ಒಳಗಿನ ತಟ್ಟೆಗೆ ಗೀರು ಬೀಳುತ್ತೆ. ಆಚೆ ಒಯ್ದರೆ ಧೂಳು," ಎಂದ.

"ನಿನ್ನ ಹೆಂಡತಿ ಫೋಟೋ ಯಾರು ತೆಗೆದದ್ದು?"

"ಡ್ರೈವಿಂಗ್ ಲೈಸೆನ್ಸಿಂದು. ಹಿಗ್ಗಿಸಿದೆ."

"ಬೇರೆ ಇರಲಿಲ್ವಾ?"

"ಅವಳು ಕೇಳ್ತಿದ್ಲು," ಎಂದ ತಾಕೇಯಿ. "ಇರು, ಈ ಲೆನ್ಸ್ ಇನ್ನೂ ಸರಿಯಾಗಿಲ್ಲ ಅಂತಿದ್ದೆ."

ಕೊಗುಚಿಗೆ ಮೆಟ್ಟಿಲ ಕೆಳಗಿನ ಡಬ್ಬಗಳ ನಾತ ಇಲ್ಲೂ ಬಂದಂತಾಯಿತು. ಎದ್ದು ಹೋಗಿ ಕಿಟಕಿ ತೆರೆದರು.

ಸಾಕ್ಷ್ಯವಸ್ತುವನ್ನು ಮಾಲೀಕರಿಗೆ ತಾತ್ಕಾಲಿಕವಾಗಿ ಮರಳಿಸಲು ಕಾನೂನಿನಲ್ಲಿ ಅವಕಾಶವಿದೆ. ಭಾನುವಾರ ಬೆಳಿಗ್ಗೆ ಯಾಜಾಕಿ ಕ್ಯಾಮೆರಾವನ್ನೂ ಲೆನ್ಸನ್ನೂ ಫುಮಿಯ ಮನೆಗೆ ಒಯ್ದು ಸಹಿ ಹಾಕಿಸಿಕೊಂಡಳು. ಫುಮಿ ಲೆನ್ಸನ್ನು ಎರಡೂ ಕೈಯಲ್ಲಿ ಹಿಡಿದು ಮೂಸಿ, ಕ್ಯಾಮೆರಾಕ್ಕೆ ಕೂಡಿಸಿದಳು. ಅಂಗಳದಲ್ಲಿ ಕಪ್ಪು ಬಟ್ಟೆಯ ಎಂಟು ಮಂದಿ ನಿಂತರು. ಟೈಮರ್ ಗುರ್ ಎನ್ನುವಷ್ಟು ಹೊತ್ತು ಯಾರೂ ಕಣ್ಣು ಮಿಟುಕಿಸಲಿಲ್ಲ. ಆಮೇಲೆ ಅತಿ ಚಿಕ್ಕ ಮೊಮ್ಮಗಳು ಕ್ಯಾಮೆರಾದತ್ತ ಕೈಬೀಸಿದಳು.

ಜುಲೈ 1ರಂದು ಲಾಕಪ್ಪಿನ ಕಂಬಿಯ ಹಿಂದಿನಿಂದ ತಾಕೇಯಿ ಯಾಜಾಕಿಯನ್ನು ಕರೆದ. ವಕೀಲರನ್ನು ಕೇಳುತ್ತಾನೆ ಎಂದುಕೊಂಡು ಅವಳು ಹತ್ತಿರ ಹೋದಳು.

"ಇವತ್ತು ಒಂದನೇ ತಾರೀಖು ಕಣಮ್ಮ. ಯಾರಾದ್ರೂ ಶಟರ್ ಒತ್ತಿದ್ರಾ?"

"ಮಿಯಾಸಾಕಾ ಅವರದ್ದು ಭಾನುವಾರವೇ ಒತ್ತಿದ್ರು. ಎದುರಿಗೆ ಎಂಟು ಜನ ಇದ್ರು."

ತಾಕೇಯಿಯ ಮುಖ ಬಿಳಿಚಿಕೊಂಡಿತು. ಕಂಬಿ ಹಿಡಿದುಕೊಂಡು ಕೇಳಿದ:

"ರೀಲು ಹಾಕಿ ಒತ್ತಿದ್ರಾ?"

ಯಾಜಾಕಿ ಅವನನ್ನು ಒಂದು ಕ್ಷಣ ನೋಡಿ, ಕೈ ತೊಳೆದುಕೊಳ್ಳಲು ಹೋದಳು.