ಕೇಳುವ ಸೇವೆ

ಆ ಭಾನುವಾರ ಸಭಾಮಂದಿರದ ಬಾಗಿಲಿಗೆ ಅಂಟಿಸಿದ್ದ ಸೇವಾ ಜೋಡಿಗಳ ಹೊಸ ಪಟ್ಟಿಯನ್ನು ಅವಳು ಮೂರು ಸಲ ಓದಿದಳು. ನಾಲ್ಕು ವರ್ಷ ಒಂದೇ ಸಾಲಿನಲ್ಲಿದ್ದ ಅವಳ ಮತ್ತು ಅವನ ಹೆಸರುಗಳು ಈಗ ಬೇರೆ ಬೇರೆ ಸಾಲುಗಳಲ್ಲಿದ್ದವು. ಅವಳಿಗೆ ಜೊತೆಯಾಗಿ ನಿವೃತ್ತ ಗ್ರಂಥಪಾಲಕಿ. ಅವನಿಗೆ ಯಾರೋ ಬಡಗಿ.

ಆ ಸಭೆ ಹುಟ್ಟಿದ್ದೇ ಕೇಳುವ ಸೇವೆಗಾಗಿ ಎಂದು ಅಲ್ಲಿಯವರು ನಂಬಿದ್ದರು. ಸದಸ್ಯರು ಇಬ್ಬಿಬ್ಬರಾಗಿ ಹಾಸಿಗೆ ಹಿಡಿದವರ ಮನೆಗೆ ಹೋಗಿ, ಉಪದೇಶದ ಗೊಡವೆಗೆ ಹೋಗದೆ, ಅವರ ಮಾತಿಗೆ ಕಿವಿಯಾಗಿ ಬರಬೇಕು. ಅವಳು ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಎಲ್ಲರೂ ಅವಳನ್ನು ಕರೆಯುವುದೇ 'ಸೂಜಿ' ಎಂದು. ಅವನದು ಕನ್ನಡಕದ ಅಂಗಡಿ.

"ಸೂಜಿ ಚುಚ್ಚುವಾಗ ಎಲ್ಲರೂ ಆಕಡೆ ನೋಡ್ತಾರೆ. ನೀವ್ಯಾಕೆ ನನ್ನನ್ನೇ ನೋಡ್ತೀರಿ?" ಎಂದು ಒಮ್ಮೆ ಅವನ ತೋಳಿಗೆ ರಬ್ಬರ್ ಪಟ್ಟಿ ಬಿಗಿಯುತ್ತ ಅವಳು ಕೇಳಿದ್ದಳು.

"ನಿಮ್ಮ ಕಣ್ಣಿಗೆ ಪವರ್ ಬಂದಿದೆಯೇನೋ ಅಂತ."

"ಬಂದಿದೆಯಾ?"

"ಒಂದೇ ಸಲ ನೋಡಿದ್ರೆ ಗೊತ್ತಾಗಲ್ಲ."

ಆ ಮಾತನ್ನು ಅವಳು ನಾಲ್ಕು ವರ್ಷ ಎದೆಯಲ್ಲಿ ಜೋಪಾನ ಮಾಡಿದ್ದಳು. ಈಗ ಪಟ್ಟಿಯ ಮುಂದೆ ನಿಂತವಳಿಗೆ ಹಿರಿಯ ಹೆಂಗಸರು ಪರಸ್ಪರ ಮೊಣಕೈ ತಿವಿದು ನಗುತ್ತಿರುವುದು ಕಾಣಿಸಿತು. ಅದು ಗೇಲಿಯೆಂದೇ ಅವಳು ತಿಳಿದಳು.

"ಯಾರು ಬದಲಾಯಿಸಿದ್ದು?" ಎಂದು ಸಭೆಯನ್ನು ನಡೆಸುವ ಹಿರಿಯರನ್ನು ಕೇಳಿದಳು.

"ಅವನೇ ಬಂದು ಕೇಳಿಕೊಂಡನಮ್ಮ," ಎಂದು ಅವರೂ ನಕ್ಕರು.

ಆರಾಧನೆಯ ಕೊನೆಯಲ್ಲಿ ಹಿರಿಯರು ಎದ್ದು, ದೂರದ ಬಂದರಿನಲ್ಲಿರುವ ಸಭೆಯ ಶುಶ್ರೂಷಾಲಯಕ್ಕೆ ಏಳು ವರ್ಷದ ಮಟ್ಟಿಗೆ ಒಂಟಿಯಾಗಿ ಇರಬಲ್ಲ ಒಬ್ಬರು ಬೇಕೆಂದರು. ಎಂಟು ಹಾಸಿಗೆ, ನೋಡಿಕೊಳ್ಳುವವರಿಗೆ ಒಂದು ಕೋಣೆ. ತಿಂಗಳುಗಳಿಂದ ಕೇಳುತ್ತಲೇ ಇದ್ದರು, ಯಾರೂ ಎದ್ದಿರಲಿಲ್ಲ. ಅಂದು ಅವಳು ಎದ್ದಳು. ನೆಟ್ಟಗೆ ಮುಂದೆ ನಡೆದು, ಪೀಠದ ಮೇಲಿದ್ದ ಗ್ರಂಥದ ಮೇಲೆ ಬಲಗೈಯಿಟ್ಟು, "ಹೋಗುತ್ತೇನೆ" ಎಂದಳು. ಹಾಗೆ ಕೈಯಿಟ್ಟು ಆಡಿದ ಮಾತನ್ನು ಆ ಸಭೆಯಲ್ಲಿ ಯಾರೂ ಹಿಂತೆಗೆದುಕೊಂಡಿದ್ದಿಲ್ಲ.

ಹಿಂದಿನ ಬೆಂಚಿನಲ್ಲಿ ಯಾರದೋ ಕೈಯಿಂದ ಹಾಡಿನ ಪುಸ್ತಕ ಜಾರಿ ಬಿತ್ತು.

ಹೊರಗಿನ ಮೆಟ್ಟಿಲ ಬಳಿ ಅವನು ಅವಳನ್ನು ತಡೆದ. ಮುಖ ಸುಣ್ಣದಂತಾಗಿತ್ತು.

"ಪಟ್ಟಿ ನೋಡ್ಲಿಲ್ವಾ ನೀವು?"

"ನೋಡಿದೆ. ನನ್ನ ಜೊತೆ ಬೇಡ ಅನ್ನಿಸಿದ್ರೆ ನನಗೇ ಹೇಳಬಹುದಿತ್ತು."

"ಬೇಡ ಅಂತ ಅಲ್ಲ." ಅವನ ಸ್ವರ ತಗ್ಗಿತು. "ನಮ್ಮ ಸಭೇಲಿ ಗಂಡ ಹೆಂಡತೀನ ಒಂದೇ ಜೋಡಿಗೆ ಹಾಕಲ್ಲ. ಮನೆ ಮಾತು ರೋಗಿ ಹತ್ರ ಹೋಗಬಾರದು ಅಂತ. ಮದುವೆ ಕೇಳೋನು ಮೊದಲು ಜೋಡಿ ಬಿಡಿಸಿಕೊಳ್ತಾನೆ. ಪಟ್ಟಿ ನೋಡಿದ್ರೆ ಹುಡುಗಿಗೆ ಗೊತ್ತಾಗತ್ತೆ."

"ಇಲ್ಲಿ ಹುಟ್ಟಿದ ಹುಡುಗಿಗೆ ಗೊತ್ತಾಗತ್ತೆ," ಎಂದಳು ಅವಳು. ಅವಳು ಆ ಸಭೆಗೆ ಸೇರಿ ಐದೇ ವರ್ಷವಾಗಿತ್ತು.

ಹೆಂಗಸರ ನಗುವಿನ ಅರ್ಥ ಈಗ ತಿಳಿಯಿತು.

"ನಾಲ್ಕು ವರ್ಷ ಊರವರ ಮಾತೆಲ್ಲ ಕೇಳಿದ್ವಿ," ಎಂದಳು. "ಒಂದು ಮಾತು ನನ್ನನ್ನ ಕೇಳೋಕೆ ನಿಮಗೆ ಬಾಯಿ ಬರಲಿಲ್ಲ."

"ನೀವೂ ಕೇಳಬಹುದಿತ್ತು, ಯಾಕೆ ಹೀಗೆ ಮಾಡಿದೆ ಅಂತ."

ಅವಳು ಒಂದು ಮೆಟ್ಟಿಲು ಇಳಿದಳು. ಅವನೂ ಹಿಂದೆಯೇ ಇಳಿದ.

"ಆ ಮಾತಿಂದ ನಿಮ್ಮನ್ನ ಬಿಡಿಸಿ ಅಂತ ಹಿರಿಯರ ಹತ್ರ ಮಾತಾಡ್ತೀನಿ. ಬಿಟ್ಕೊಡ್ತಾರೆ."

"ಬಿಟ್ಕೊಡ್ತಾರೆ. ಆ ಎಂಟು ಹಾಸಿಗೆಯವರಿಗೆ ಏನು ಹೇಳೋದು? ಸಿಟ್ಟಲ್ಲಿ ಬರ್ತೀನಿ ಅಂದಿದ್ದೆ, ಸಿಟ್ಟು ಇಳೀತು ಅಂತಲಾ?" ಅವಳು ಬಲ ಅಂಗೈಯನ್ನು ಸೆರಗಿಗೆ ಒರೆಸಿಕೊಂಡಳು. "ಅದು ದೇವರಿಗೆ ಕೊಟ್ಟ ಮಾತೇ ಅಲ್ಲ. ನಿಮಗೆ ಕೊಟ್ಟ ಪೆಟ್ಟು. ಆದ್ರೆ ಕೈ ಇಟ್ಟಿದ್ದು ಗ್ರಂಥದ ಮೇಲೆ."

"ಕಾಯ್ತೀನಿ."

"ನನಗೀಗ ಮೂವತ್ತೆಂಟು. ಕಾಯಿರಿ ಅಂತ ಹೇಳೋ ಧೈರ್ಯ ನನಗಿಲ್ಲ. ಬೇಡ ಅನ್ನೋ ಧೈರ್ಯಾನೂ ಇಲ್ಲ."

ಹಳೆಯ ಪಟ್ಟಿಯಂತೆ ಇಬ್ಬರಿಗೂ ಆ ದಿನದ ಒಂದು ಭೇಟಿ ಬಾಕಿಯಿತ್ತು. ಮಧ್ಯಾಹ್ನ ಇಬ್ಬರೂ ಹೆಡ್‌ಮಿಸ್ಟ್ರೆಸ್ ಅಜ್ಜಿಯ ಮನೆಗೆ ಹೋದರು. ಸೊಂಟ ಮುರಿದು ಮಲಗಿ ಎರಡು ವರ್ಷವಾದರೂ ಅಜ್ಜಿಯ ನಾಲಿಗೆ ಮಾತ್ರ ಓಡಾಡಿಕೊಂಡಿತ್ತು. ಜೋಡಿ ಒಡೆದ ಸುದ್ದಿ ಫೋನಿನಲ್ಲಿ ಆಗಲೇ ತಲುಪಿತ್ತು, ಅವಳು ಬಂದರಿಗೆ ಹೋಗಲು ಮಾತು ಕೊಟ್ಟದ್ದು ತಲುಪಿರಲಿಲ್ಲ.

"ಬನ್ನಿ ಕಳ್ಳರೇ," ಎಂದಿತು ಅಜ್ಜಿ. "ಇವನಿಗೆ ಊರವರ ದೃಷ್ಟಿ ಅಳೆಯೋಕೆ ಬರತ್ತೆ, ಎದುರಿಗಿರೋಳು ಕಾಣೋಕೆ ನಾಲ್ಕು ವರ್ಷ ಬೇಕಾಯ್ತು. ಎಲ್ಲಿ, ಕೈ ಕೊಡಿ ಇಬ್ಬರೂ."

ಅಜ್ಜಿ ಅವನ ಅಂಗೈಯ ಮೇಲೆ ಅವಳ ಬಲಗೈಯನ್ನಿಟ್ಟು, ಮೇಲೆ ತನ್ನ ಸುಕ್ಕುಗೈಯನ್ನು ಒತ್ತಿತು. ನಾಲ್ಕು ವರ್ಷದಲ್ಲಿ ಸೂಜಿಯ ನೆಪವಿಲ್ಲದೆ ಆ ಕೈಗಳು ತಾಗಿದ್ದು ಅದೇ ಮೊದಲು. ಇಬ್ಬರೂ ಹಿಂತೆಗೆಯಲಿಲ್ಲ.

"ಯಾಕೆ ಸೂಜಿ, ನಿನ್ನ ಕೈ ಇಷ್ಟು ತಣ್ಣಗಿದೆ?"

"ಬೆಳಗ್ಗೆ ಗ್ರಂಥದ ಮೇಲೆ ಇಟ್ಟಿದ್ದೆ ಅಜ್ಜಿ."

"ಅಷ್ಟು ಬೇಗ ಇವನಿಗೆ ಮಾತೂ ಕೊಟ್ಟುಬಿಟ್ಟೆಯಾ," ಎಂದು ಅಜ್ಜಿ ಸಂತೋಷದಿಂದ ಕಣ್ಣು ಮುಚ್ಚಿತು. "ಒಳ್ಳೇದಾಯ್ತು. ಇನ್ನು ಯಾರಿಂದಲೂ ತಪ್ಪಿಸೋಕಾಗಲ್ಲ."

ಅವನು ಇನ್ನೊಂದು ಕೈಯಿಂದ ಅಜ್ಜಿಯ ಕನ್ನಡಕವನ್ನು ಮೆಲ್ಲಗೆ ತೆಗೆದು, ಸ್ವಚ್ಛವಾಗಿಯೇ ಇದ್ದ ಗಾಜನ್ನು ಅಂಗಿಯ ತುದಿಯಿಂದ ಬಹಳ ಹೊತ್ತು ಒರೆಸುತ್ತ ಕುಳಿತ.